ಮೇಲೆ ಬರುವ ಮೀನು

ಬಿಂಡಿಗನವಿಲೆ
18 ಫೆಬ್ರವರಿ 2024

ಮೇಷ್ಟ್ರಿಗೆ ಕೆಂಪಣ್ಣನ ನಮಸ್ಕಾರ.

ನೀವು ನಮ್ಮೂರ ಸ್ಕೂಲಿನಲ್ಲಿದ್ದಾಗ ಬಾಡಿಗೆಗಿದ್ದ ನಮ್ಮ ಮನೆಯ ಮುಂಭಾಗದ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಈಗ ಅಲ್ಲಿ ಹಸುವಿನ ಹಿಂಡಿ ಮೂಟೆಗಳಿವೆ. ನೀವು ಗೋಡೆಗೆ ಹೊಡೆದ ಮೊಳೆ ಹಾಗೇ ಇದೆ, ಅದಕ್ಕೆ ಕುಡುಗೋಲು ನೇತುಹಾಕಿದ್ದೇವೆ.

ನನ್ನ ಕಿವಿ ಪೂರ್ತಿ ಹೋಯಿತು. ಹೋದ ವರ್ಷದವರೆಗೆ ಬಲಗಿವಿಯಲ್ಲಿ ಅಷ್ಟೋ ಇಷ್ಟೋ ಕೇಳುತ್ತಿತ್ತು. ಡಾಕ್ಟರು ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಹಾಕಿಕೊಂಡರೆ ತಲೆಯೊಳಗೆ ರಾಗಿ ಮಿಷನ್ನು ಓಡಿಸಿದ ಹಾಗಾಗುತ್ತದೆ. ಬಿಚ್ಚಿ ದೇವರ ಗೂಡಿನಲ್ಲಿಟ್ಟೆ. ದೇವರಿಗಾದರೂ ಸರಿಯಾಗಿ ಕೇಳಲಿ. ಮಗಳು ದಿವ್ಯ ಕೆ.ಆರ್. ಪೇಟೆಯಿಂದ ಬಂದಾಗ ಒಂದು ದೊಡ್ಡ ಫೋನು ತಂದುಕೊಟ್ಟಳು, ಮುಖ ನೋಡಿಕೊಂಡು ಮಾತಾಡಬಹುದಂತೆ. ಮುಖ ಕಾಣುತ್ತದೆ, ಬಾಯಿ ಆಡುತ್ತದೆ, ಒಂದೂ ತಿಳಿಯುವುದಿಲ್ಲ. ಅದಕ್ಕೇ ಈ ಕಾಗದ. ಕಾಗದಕ್ಕೆ ಕಿವಿ ಬೇಡ.

ಹೊನ್ನಪ್ಪನ ಟೀ ಅಂಗಡಿಗೆ ಹೋಗುವುದು ಬಿಟ್ಟಿದ್ದೇನೆ. ಒಂದು ದಿನ ಅಲ್ಲಿ ಎಲ್ಲರೂ ಬಾಯಿ ಆಡಿಸುತ್ತಿದ್ದರು. ತಮಾಷೆ ಇರಬೇಕೆಂದುಕೊಂಡು ನಾನೂ ಜೋರಾಗಿ ನಕ್ಕೆ. ಪಕ್ಕದೂರಲ್ಲಿ ಯಾರೋ ಪ್ರಾಯದ ಹುಡುಗ ತೀರಿಕೊಂಡ ಸುದ್ದಿಯಂತೆ. ಅವರೆಲ್ಲ ನನ್ನ ಕಡೆ ತಿರುಗಿ ನೋಡಿದರಲ್ಲ ಮೇಷ್ಟ್ರೇ, ಆ ನೋಟಕ್ಕೆ ಕಿವಿ ಬೇಕಾಗಿರಲಿಲ್ಲ.

ಇರಲಿ, ಒಳ್ಳೆಯ ಸುದ್ದಿಗೆ ಬರುತ್ತೇನೆ. ತಗ್ಗಿನ ಹೊಲದಲ್ಲಿ ಮೀನಿನ ಹೊಂಡ ತೋಡಿಸಿದೆ. ಅಲ್ಲಿಯದು ಜೇಡಿಮಣ್ಣು, ನೀರು ನಿಲ್ಲುತ್ತದೆ. ಜೆಸಿಬಿ ಬಂದ ದಿನ ಚಿಕ್ಕಬೋರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಅದು ಅವಳ ಹುರುಳಿ ಹೊಲ. ನಲವತ್ತು ವರ್ಷದ ಸಂಸಾರ, ಅವಳ ಬೈಗುಳ ಮಾತ್ರ ಕಿವಿಯಿಲ್ಲದೆಯೂ ಕೇಳುತ್ತದೆ. “ಹುಳ್ಳಿ ಬೆಳ್ಯೋ ಜಾಗ್ದಲ್ಲಿ ಮೀನ್ ಬೆಳ್ಯಾಕ್ ಒಂಟವ್ನೆ ಈವಯ್ಯ!” ಅಂದಳು. ಹೊಂಡದ ಕಡೆ ಕಾಲಿಡುವುದಿಲ್ಲವೆಂದು ಆಣೆಯನ್ನೂ ಹಾಕಿದಳು.

ಮೀನಿಗೆ ಮಾತಿಲ್ಲ, ನನಗೆ ಕಿವಿಯಿಲ್ಲ. ನಮ್ಮಿಬ್ಬರಲ್ಲಿ ಮನಸ್ತಾಪ ಬರುವ ದಾರಿಯೇ ಇಲ್ಲ. ಏರಿಯ ಮೇಲೆ ಕೂರಲು ಎರಡು ಚಪ್ಪಡಿ ಹಾಕಿಸಿದ್ದೇನೆ. ಒಂದು ನನಗೆ. ಇನ್ನೊಂದು ಯಾರಿಗೆಂದು ನಿಮಗೆ ಹೇಳಬೇಕಾಗಿಲ್ಲ.

ಅಮ್ಮಾವ್ರಿಗೆ ನಮಸ್ಕಾರ ತಿಳಿಸಿ.

ಕೆಂಪಣ್ಣ


ಶ್ರೀರಂಗಪಟ್ಟಣ
2 ಮಾರ್ಚ್ 2024

ಪ್ರಿಯ ಕೆಂಪಣ್ಣ,

ನಿನ್ನ ಕಾಗದವನ್ನು ಪದ್ಮನಿಗೆ ಎರಡು ಸಲ ಓದಿ ಹೇಳಿದೆ. ಕಿವಿಯಂತ್ರವನ್ನು ದೇವರಿಗೆ ಕೊಟ್ಟ ಕಡೆ ಅವಳು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ನಮ್ಮ ದಿನಗಳು ಹೊಳೆ ಪಕ್ಕದಲ್ಲಿ ಹೊಳೆಯಂತೆಯೇ ಸಾಗುತ್ತಿವೆ. ಬೆಳಿಗ್ಗೆ ಹೊಳೆಯ ಸೋಪಾನಕ್ಕೆ ಹೋಗಿ ಮೀನಿಗೆ ಪುರಿ ಹಾಕುತ್ತೇನೆ, ಹನ್ನೊಂದಕ್ಕೆ ಪೇಪರು, ಸಂಜೆ ದೇವಸ್ಥಾನ. ಮಗಳು ಅಪರ್ಣ ಪಾಂಡವಪುರದಲ್ಲಿ ಟೀಚರು, ಭಾನುವಾರ ಬಂದು ನಮ್ಮಿಬ್ಬರನ್ನೂ ಮಕ್ಕಳನ್ನು ಗದರಿದಂತೆ ಗದರಿ ಹೋಗುತ್ತಾಳೆ.

ಮೀನು ಸಾಕು, ಸಂತೋಷ. ದೊಡ್ಡವಾದ ಮೇಲೆ ಅವನ್ನು ಏನು ಮಾಡುತ್ತೀಯೆಂಬುದನ್ನು ಮಾತ್ರ ನನಗೆ ಬರೆಯಬೇಡ. ಹುಳಿಗೆ ಬದನೆಕಾಯಿ ಹಾಕುವ ಜನ ನಾವು.

ಎರಡನೆಯ ಚಪ್ಪಡಿಯ ಮೇಲೆ ಈ ದೀಪಾವಳಿಗೆ ಬಂದು ಕೂರುತ್ತೇನೆ. ನೀನು ಸುಮ್ಮನೆ ಕೂತಿರು. ನಾನು ಮಾತಾಡುತ್ತೇನೆ, ನಿನಗೆ ಕೇಳಿಸದಿದ್ದರೆ ನನಗೇನು ನಷ್ಟ? ಮೂವತ್ತು ವರ್ಷ ಏಳನೇ ಕ್ಲಾಸಿಗೆ ಪಾಠ ಹೇಳಿದವನು ನಾನು.

ನಿನ್ನ,
ಜಯರಾಮಯ್ಯ

ಕೆಂಪಣ್ಣ, ಇವರ ಕಾಗದಕ್ಕೆ ಬಾಲ ಸೇರಿಸುವ ಕೆಲಸ ನನ್ನದು. ಚಿಕ್ಕಬೋರಮ್ಮನ ಕೋಪ ಇಳಿಯಬೇಕಾದರೆ ಏರಿಯ ಸುತ್ತ ಹುರುಳಿ ಚೆಲ್ಲಿ. ಮಣ್ಣೂ ನಿಲ್ಲುತ್ತದೆ, ಮನೆಯೂ ನಿಲ್ಲುತ್ತದೆ. – ಪದ್ಮ


ಬಿಂಡಿಗನವಿಲೆ
30 ಜೂನ್ 2024

ಮೇಷ್ಟ್ರೇ,

ಅಮ್ಮಾವ್ರ ಮಾತಿನಂತೆ ಹುರುಳಿ ಚೆಲ್ಲಿದೆ. ಚಿಕ್ಕಬೋರಮ್ಮ ದೂರದಿಂದ ನೋಡಿದಳು, ಹತ್ತಿರ ಬರಲಿಲ್ಲ. ಆದರೆ ಅವತ್ತು ಮುದ್ದೆ ಜೊತೆಗೆ ತುಪ್ಪ ಬಂತು.

ಹೊಂಡಕ್ಕೆ ಸುಣ್ಣ ಎರಚಿ, ಸಗಣಿ ಕದಡಿ, ಬೋರಿನ ನೀರು ಬಿಟ್ಟು ಕಾಯುತ್ತಿದ್ದೆ. ನೀರು ತಿಳಿಯಾಗಿದ್ದರೆ ಮೀನಿಗೆ ಉಪವಾಸ. ಎಳೆ ಹುಲ್ಲಿನ ಬಣ್ಣಕ್ಕೆ ತಿರುಗಬೇಕು. ತಿರುಗಿತು. ಮೊನ್ನೆ ಮೀನುಮರಿ ತಂದೆ, ಕಾಟ್ಲ, ರೋಹು, ಗೆಂಡೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಾರೆ. ತಂದ ತಕ್ಷಣ ನೀರಿಗೆ ಸುರಿಯುವಂತಿಲ್ಲ. ಚೀಲವನ್ನು ಬಾಯಿ ಕಟ್ಟಿದ ಹಾಗೇ ಹೊಂಡದಲ್ಲಿ ತೇಲಿಬಿಡಬೇಕು. ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬಂದ ಮೇಲೆ ಬಾಯಿ ಬಿಚ್ಚಬೇಕು. ಮದುವೆಯಾಗಿ ಬಂದ ಹೆಣ್ಣುಮಗಳನ್ನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ ಹಾಗೆ.

ಮರಿ ಕೊಟ್ಟವರು ನಿನ್ನ ಹೊಂಡಕ್ಕೆ ಇಷ್ಟು ಸಾಕು ಎಂದು ಬರೆದುಕೊಟ್ಟಿದ್ದರು. ನಾನು ಇನ್ನೊಂದು ಚೀಲ ಜಾಸ್ತಿ ತಂದೆ. ಮನೆ ತುಂಬಿರಲಿ ಅನ್ನಿಸಿತು.

ನಮ್ಮೂರ ಕುರಿ ನಿಂಗರಾಜು ನಿಮಗೆ ನೆನಪಿರಬೇಕು, ಮಗ್ಗಿ ಒಪ್ಪಿಸೆಂದರೆ ಕಿಟಕಿಯಿಂದ ಹಾರುತ್ತಿದ್ದನಲ್ಲ, ಅವನೇ. ದಿನವೂ ಕುರಿ ಹೊಡೆದುಕೊಂಡು ಏರಿಯ ಪಕ್ಕ ಹೋಗುತ್ತಾನೆ. ನಿಂತು, ಹೊಂಡ ತೋರಿಸಿ, ಕೈಯನ್ನು ಬಾಯಿಗೆ ಹಾಕಿಕೊಂಡು, ಕಣ್ಣರಳಿಸಿ ಹಲ್ಲು ಕಿರಿಯುತ್ತಾನೆ. ಯಾವಾಗ ತಿನ್ನೋದು ಅಂತ. “ಓಗಲಾ, ನಿನ್ ಕುರಿ ಮೊದ್ಲು ಕುಯ್ಯಿ” ಎಂದು ಗದರುತ್ತೇನೆ. ನನ್ನ ದನಿ ಎಷ್ಟು ಜೋರಾಗಿ ಬರುತ್ತದೋ ನನಗೇ ಗೊತ್ತಿಲ್ಲ. ಅವನ ಕುರಿಗಳೆಲ್ಲ ಒಟ್ಟಿಗೆ ಬೆದರುತ್ತವೆ.

ಕೆಂಪಣ್ಣ


ಶ್ರೀರಂಗಪಟ್ಟಣ
21 ಜುಲೈ 2024

ಪ್ರಿಯ ಕೆಂಪಣ್ಣ,

ತಡವಾಯಿತು. ಪದ್ಮನಿಗೆ ಸ್ವಲ್ಪ ಜ್ವರ, ಮಳೆಗಾಲದ್ದು. ಹೊಳೆಯಲ್ಲಿ ಕೆಂಪು ನೀರು ಬಂದಿದೆ. ಸೋಪಾನದ ಕೆಳಗಿನ ಮೆಟ್ಟಿಲು ಮುಳುಗಿ, ನನ್ನ ಪುರಿ ಗಿರಾಕಿಗಳೆಲ್ಲ ಎಲ್ಲಿಗೋ ಹೋಗಿವೆ.

ಚೀಲ ತೇಲಿಬಿಟ್ಟ ವಿಷಯ ಓದಿದಾಗ ಪದ್ಮ, “ನಮ್ಮ ಮನೆಗೆ ನಾನು ಬಂದಾಗ ನನ್ನನ್ನ ಯಾರೂ ಹಾಗೆ ತೇಲಿಬಿಡಲಿಲ್ಲ. ಬಂದ ದಿನವೇ ನಲವತ್ತು ಜನಕ್ಕೆ ಅಡಿಗೆ” ಅಂದಳು. ಅಂದಿನಿಂದ ಅವಳಿಗೆ ನಿನ್ನ ಮೀನಿನ ಮೇಲೆ ಹೊಟ್ಟೆಕಿಚ್ಚು.

ಜಯರಾಮಯ್ಯ

ಸುಳ್ಳು. ಹೊಟ್ಟೆಕಿಚ್ಚಲ್ಲ, ಅಕ್ಕರೆ. ಆಗಾಗ ಬರೆಯಿರಿ. ಮಲಗಿದ ಕಡೆ ಕಿಟಕಿಯಲ್ಲಿ ಎದುರುಮನೆ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ. ನಿಮ್ಮ ಹೊಂಡ ಕಾಣುತ್ತದೆ. – ಪದ್ಮ


ಬಿಂಡಿಗನವಿಲೆ
12 ಸೆಪ್ಟೆಂಬರ್ 2024

ಮೇಷ್ಟ್ರೇ, ಅಮ್ಮಾವ್ರೇ,

ಈ ಕಾಗದ ಇಬ್ಬರಿಗೂ.

ಈ ವಾರ ಒಂದು ವಿಶೇಷ ನಡೆದಿದೆ. ಬೆಳಗಿನ ಜಾವ ಏರಿಯ ಮೇಲೆ ಕಾಲಿಟ್ಟರೆ ಸಾಕು, ಮೀನುಗಳು ಮೇಲೆ ಬರುತ್ತವೆ. ಒಂದೆರಡಲ್ಲ, ಹೊಂಡದ ತುಂಬ. ನೀರಿನ ಮೇಲೆ ಬಾಯಿಗಳೇ ಬಾಯಿಗಳು. ತೆರೆಯುವುದು, ಮುಚ್ಚುವುದು, ತೆರೆಯುವುದು. ನಾನು ಆ ಕಡೆ ನಡೆದರೆ ಆ ಕಡೆಯೂ ಇರುತ್ತವೆ, ಈ ಕಡೆ ಬಂದರೆ ಈ ಕಡೆಯೂ. ಮೊದಲು ಹೀಗಿರಲಿಲ್ಲ. ಹೆಜ್ಜೆ ತಗುಲಿದರೆ ಸರಕ್ಕನೆ ತಳಕ್ಕೆ ಹೋಗುತ್ತಿದ್ದವು. ಈಗ ನನಗೆ ಹೆದರುವುದೇ ಇಲ್ಲ. ಬಗ್ಗಿ ಕೈ ನೀರಲ್ಲಿಟ್ಟರೂ ಅಲ್ಲೇ ನಿಂತಿರುತ್ತವೆ.

ನನ್ನ ಗುರುತು ಹಿಡಿದಿವೆ.

ಈ ಮಾತು ನಿಮಗಲ್ಲದೆ ಬೇರೆ ಯಾರಿಗೂ ಹೇಳಲಾರೆ. ಕಿವಿ ಹೋದ ಮೇಲೆ ನಾನು ಎಲ್ಲಿಗೆ ಹೋದರೂ ಜನ ಸ್ವಲ್ಪ ಸರಿದು ಕೂರುತ್ತಾರೆ. ಕೆಟ್ಟತನದಿಂದಲ್ಲ. ನನ್ನ ಹತ್ತಿರ ಮಾತಾಡಲು ಕೂಗಬೇಕು, ಅವರಿಗೆ ಸುಸ್ತು. ನಾನು ಬಂದೆನೆಂದು ಹತ್ತಿರ ಬಂದ ಜೀವ ಎಂದರೆ ಇವೇ. ಬಿಸಿಲೇರುವವರೆಗೆ ಕೂತು, ನನ್ನ ಬಾಯಿಯನ್ನೂ ಹಾಗೇ ತೆರೆದು ಮುಚ್ಚಿ ತೋರಿಸುತ್ತೇನೆ. ಯಾರಾದರೂ ನೋಡಿದರೆ ಕೆಂಪಣ್ಣನಿಗೆ ತಲೆಯೂ ಹೋಯಿತು ಅಂದಾರು.

ಕೆಂಪಣ್ಣ


ಶ್ರೀರಂಗಪಟ್ಟಣ
17 ಸೆಪ್ಟೆಂಬರ್ 2024

ಪ್ರಿಯ ಕೆಂಪಣ್ಣ,

ಭೇಷ್! ಮೀನಿಗೆ ಗುರುತಿದೆ. ನಮ್ಮ ಸೋಪಾನದಲ್ಲೂ ಹಾಗೇ. ನನ್ನ ಪಂಚೆಯ ಅಂಚು ಕಂಡರೆ ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಪುರಿ ಬೀಳುವವರೆಗೂ ಬಿಡುವುದಿಲ್ಲ.

ಗುರುತಿನ ಜೊತೆಗೆ ಹಸಿವೂ ಇದೆ ಕಣಯ್ಯ. ಬೆಳೆಯುವ ವಯಸ್ಸು. ನೀನು ತೌಡನ್ನು ಕೈ ಬಿಗಿಹಿಡಿದು ಹಾಕುತ್ತಿರಬೇಕು. ಮನೆ ಬಾಗಿಲಿಗೆ ಬಂದು ಬಾಯಿ ತೆರೆದವರಿಗೆ ಇಲ್ಲವೆನ್ನಬೇಡ. ಧಾರಾಳವಾಗಿ ಹಾಕು.

ಪದ್ಮ ಇನ್ನೂ ಪೂರ್ತಿ ಎದ್ದಿಲ್ಲ. ವಯಸ್ಸು, ಅಷ್ಟೆ.

ಜಯರಾಮಯ್ಯ

ಈ ಸಲ ಬಾಲ ಚಿಕ್ಕದು. ಜ್ವರದ ಮಂಪರಿನಲ್ಲಿ ನಿಮ್ಮ ಕಾಗದ ಅರ್ಧ ಕೇಳಿದೆ, ಇವರದನ್ನು ಓದಿಲ್ಲ, ಕಣ್ಣು ಮಂಜು. ಮೀನಿಗೆ ನನ್ನ ಹೆಸರಲ್ಲೂ ಒಂದು ಹಿಡಿ ಹಾಕಿ. – ಪದ್ಮ


ಬಿಂಡಿಗನವಿಲೆ
23 ಸೆಪ್ಟೆಂಬರ್ 2024

ಮೇಷ್ಟ್ರೇ,

ನೀವು ಹೇಳಿದಂತೆಯೇ ಮಾಡುತ್ತಿದ್ದೇನೆ. ತೌಡಿಗೆ ಕಡಲೆಕಾಯಿ ಹಿಂಡಿ ಕಲಸಿ ಬೆಳಿಗ್ಗೆ ಒಂದು ಬುಟ್ಟಿ, ಸಂಜೆ ಒಂದು ಬುಟ್ಟಿ. ಅಮ್ಮಾವ್ರ ಹೆಸರಲ್ಲಿ ಬೇರೆ ಒಂದು ಬೊಗಸೆ. ಹಸುವಿನ ಹಿಂಡಿ ಕಡಿಮೆಯಾಗುತ್ತಿದೆಯೆಂದು ಚಿಕ್ಕಬೋರಮ್ಮ ಮೂಟೆಯ ಬಾಯಿಗೆ ಗಂಟು ಹಾಕಿದ್ದಾಳೆ. ಅವಳು ಡೈರಿಗೆ ಹೋದಾಗ ಬಿಚ್ಚುತ್ತೇನೆ.

ಈಗ ಮೀನುಗಳು ನನಗಿಂತ ಮುಂಚೆಯೇ ಬಂದು ಕಾದಿರುತ್ತವೆ, ಬಿಸಿಲು ಬಂದರೂ ಹೋಗುವುದಿಲ್ಲ. ಎಷ್ಟು ಹಚ್ಚಿಕೊಂಡಿವೆ ನೋಡಿ. ಆದರೆ ಮೊದಲಷ್ಟು ತಿನ್ನುತ್ತಿಲ್ಲ, ಹಾಕಿದ್ದು ಹಾಗೇ ತಳಕ್ಕೆ ಇಳಿಯುತ್ತದೆ. ನನ್ನ ಮುಖ ನೋಡಲೆಂದೇ ಬರುತ್ತವೆ ಅಂತಾಯಿತಲ್ಲ! ಒಂದು ವಾರದಿಂದ ಮೋಡ ಮುಚ್ಚಿದೆ, ಮಳೆಯೂ ಇಲ್ಲ, ಬಿಸಿಲೂ ಇಲ್ಲ. ನೀರು ಕಡುಹಸಿರಾಗಿದೆ, ಸ್ವಲ್ಪ ವಾಸನೆ. ಮಳೆ ಬಂದರೆ ಸರಿಹೋಗುತ್ತದೆ.

ದೀಪಾವಳಿಗೆ ಬರುತ್ತೀರಲ್ಲ?

ಕೆಂಪಣ್ಣ


ಶ್ರೀರಂಗಪಟ್ಟಣ
27 ಸೆಪ್ಟೆಂಬರ್ 2024

ಕೆಂಪಣ್ಣ,

ತುರ್ತು. ಮೊದಲು ಇದನ್ನು ಮಾಡು, ಆಮೇಲೆ ಓದು. ತೌಡು ಹಿಂಡಿ ಪೂರ್ತಿ ನಿಲ್ಲಿಸು. ಮೋಟರು ಹಾಕಿ ನೀರನ್ನು ಎತ್ತರದಿಂದ ಹೊಂಡಕ್ಕೆ ಸುರಿಸು. ಹಗಲೂ ಇರುಳೂ ಸುರಿಸು.

ನಿನ್ನ ಕಾಗದ ಈಗ ತಾನೇ ಬಂತು. ಪದ್ಮನಿಗೆ ಓದಿ ಹೇಳುತ್ತಿದ್ದೆ. “ಬಿಸಿಲು ಬಂದರೂ ಹೋಗುವುದಿಲ್ಲ” ಅನ್ನುವಲ್ಲಿಗೆ ಬಂದಾಗ ಅವಳು ದಿಂಬಿನಿಂದ ತಲೆ ಎತ್ತಿದಳು.

“ಇನ್ನೊಂದ್ ಸಲ ಓದಿ. ಬಾಯಿ ತೆರೆದು ಮುಚ್ಚುತ್ತಾವಾ? ತಿನ್ನೋದಿಲ್ವಾ?”

“ಹೂಂ. ಹಚ್ಚಿಕೊಂಡಿವೆಯಂತೆ.”

“ಅಯ್ಯೋ, ಹಚ್ಚಿಕೊಳ್ಳೋದಲ್ಲ ಕಣ್ರೀ! ಅವಕ್ಕೆ ಉಸಿರು ಸಾಲ್ತಾ ಇಲ್ಲ. ನಮ್ಮಪ್ಪನ ಊರಲ್ಲಿ ಕಲ್ಯಾಣಿ ತುಂಬ ಹೂವು, ನೈವೇದ್ಯ ಬಿದ್ದು ಕೊಳೆತು ಹೀಗೇ ಆಗಿತ್ತು. ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ವು. ಮಕ್ಕಳೆಲ್ಲ ಸೇರಿ ಪುರಿ ಹಾಕಿದ್ವಿ. ಬೆಳಗಾದ್ರೆ ನೀರೇ ಕಾಣದ ಹಾಗೆ ಬೆಳ್ಳಗೆ ತೇಲ್ತಿದ್ವು. ನೀವೇನಾದ್ರೂ ಹೆಚ್ಚು ಹಾಕು ಅಂತ ಬರೆದ್ರಾ?”

ಬರೆದೆನೆಂದು ಒಪ್ಪಿಕೊಂಡೆ. ನನ್ನ ಸೋಪಾನದ ಮೀನಿಗೆ ಹರಿಯುವ ಹೊಳೆಯಿದೆ, ನಿನ್ನದಕ್ಕೆ ನಿಂತ ನೀರು. ಅಷ್ಟೂ ನನಗೆ ಹೊಳೆಯಲಿಲ್ಲ.

ಕಾಗದ ತಡವಾದೀತೆಂದು ಹೊನ್ನಪ್ಪನ ಅಂಗಡಿಗೆ ಫೋನು ಮಾಡಿದೆ. “ಕೆಂಪಣ್ಣನ್ಗಾ? ಅಯ್ಯೋ ಮೇಷ್ಟ್ರೇ, ಆವಣ್ಣ ನಮ್ ಅಂಗ್ಡಿ ಕಡೆ ಮಕ ಆಕಿ ವರ್ಷಾಯ್ತು. ನಾವೇನ್ ಮಾಡುದ್ವೋ ಕಾಣೆ. ಇರಿ, ನಿಂಗ್ರಾಜು ಆ ಕಡೇಕೇ ಒಂಟವ್ನೆ, ಏಳ್ಕಳುಸ್ತೀನಿ ಬುಡಿ, ಯೋಚ್ನೆ ಮಾಡ್ಬೇಡಿ” ಎಂದ. ಈ ಹೊತ್ತಿಗೆ ನಿಂಗರಾಜು ನಿನಗೆ ತಿಳಿಸಿರುತ್ತಾನೆ. ಆ ಧೈರ್ಯದಲ್ಲಿದ್ದೇನೆ.

ಜಯರಾಮಯ್ಯ

ಕೆಂಪಣ್ಣ, ನಮ್ಮೂರಲ್ಲಿ ಗಂಡಸರು ಕೊಡದಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿದರು. ಬಿದ್ದ ನೀರಿನಲ್ಲಿ ಗಾಳಿ ಇಳಿಯುತ್ತದೆ. ಹಾಗೆ ಸುರಿದ ಮೂಲೆಯಲ್ಲಿ ಕೆಲವು ಉಳಿದವು. ಮೇಲೆ ಬಂದದ್ದೆಲ್ಲ ಸಂತೋಷಕ್ಕಲ್ಲ. – ಪದ್ಮ


ಬಿಂಡಿಗನವಿಲೆ
27 ಸೆಪ್ಟೆಂಬರ್ 2024, ಸಂಜೆ

ಮೇಷ್ಟ್ರೇ,

ನಿಮ್ಮ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಮನಸ್ಸು ಕುದಿಯುತ್ತಿದೆ.

ಇವತ್ತು ಮಧ್ಯಾಹ್ನ ನಿಂಗರಾಜು ಕುರಿಗಳನ್ನು ಬಿಟ್ಟು ಓಡೋಡಿ ಏರಿ ಹತ್ತಿದ. ಮೀನಿನ ಕಡೆ ಕೈ ತೋರಿಸಿದ, ನನ್ನ ಕಡೆ ತೋರಿಸಿದ. ತನ್ನ ಕತ್ತನ್ನು ತಾನೇ ಹಿಡಿದುಕೊಂಡು, ಕಣ್ಣು ಹೊರಗೆ ಬಿಟ್ಟು, ಬಾಯಿಯನ್ನು ಮೀನಿನ ಹಾಗೆ ತೆರೆದು ಮುಚ್ಚಿ ತೋರಿಸಿದ. ನಾನು ಬೆಳಿಗ್ಗೆ ಮೀನಿನ ಮುಂದೆ ಹಾಗೆ ಮಾಡುವುದನ್ನು ಎಲ್ಲೋ ಬೇಲಿ ಸಂದಿಯಿಂದ ನೋಡಿದ್ದಾನೆ, ಊರಿಗೆಲ್ಲ ಹೇಳಿದ್ದಾನೆ, ಈಗ ಎದುರಿಗೇ ಬಂದು ಅಣಕಿಸುತ್ತಿದ್ದಾನೆ. “ಕಿವುಡ ಅಂತ ಅಣುಕುಸ್ತೀಯೇನ್ಲಾ? ನಿಮ್ಮಪ್ಪನ್ ಕಾಲ್ದಾಗಿಂದ ನಮ್ಮನೇಲಿ ಉಂಡೋನ್ ನೀನು!” ಎಂದು ಮಣ್ಣುಹೆಂಟೆ ಎತ್ತಿಕೊಂಡೆ. ಅವನು ಹೋಗಲಿಲ್ಲ, ಮೋಟರು ಮನೆ ಕಡೆ ಓಡಿದ. ಸ್ಟಾರ್ಟರಿಗೆ ಕೈ ಹಾಕುತ್ತಿದ್ದ. ಹಿಡಿದು ಎಳೆದು ದಬ್ಬಿದೆ, ಬಿದ್ದ. ಎದ್ದವನು ಏನೇನೋ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು. ಪೆಟ್ಟಾಗಿರಬೇಕು. ಆಗಲಿ.

ಮೋಟರು ಮನೆಗೆ ಬೀಗ ಹಾಕಿ ಬಂದಿದ್ದೇನೆ. ಚಿಕ್ಕಬೋರಮ್ಮನೂ ಭಾನುವಾರ ರಾತ್ರಿಯವರೆಗೆ ದಿವ್ಯಳ ಮನೆಯಲ್ಲಿ, ಮನೆಯಲ್ಲಿ ನಾನೊಬ್ಬನೇ. ಮನುಷ್ಯರ ಸಹವಾಸ ಸಾಕಾಯಿತು ಮೇಷ್ಟ್ರೇ. ನೀವು ಬರೆಯಿರಿ, ಅಷ್ಟು ಸಾಕು.

ಕೆಂಪಣ್ಣ


ಬಿಂಡಿಗನವಿಲೆ
1 ಅಕ್ಟೋಬರ್ 2024

ಮೇಷ್ಟ್ರಿಗೆ,

ನಿಮ್ಮ ತುರ್ತು ಕಾಗದ ಇವತ್ತು ಬಂತು. ಮೀನು ನಿನ್ನೆ ಹೋದವು.

ಕೆಂಪಣ್ಣ


ಶ್ರೀರಂಗಪಟ್ಟಣ
18 ಅಕ್ಟೋಬರ್ 2024

ಪ್ರಿಯ ಕೆಂಪಣ್ಣ,

ನಿನ್ನ ಎರಡೂ ಕಾಗದ ಬಂದವು. ತಕ್ಷಣ ಬರೆಯಲಾಗಲಿಲ್ಲ. ಮನೆಯಲ್ಲಿ ಜನ ಬಂದಿದ್ದರು. ನಿನ್ನೆ ಎಲ್ಲರೂ ಹೊರಟರು.

ನಿಂಗರಾಜುವಿನ ಮೇಲೆ ಕೋಪ ಬೇಡ, ಅವನು ನಾನು ಕಳಿಸಿದ ಮಾತು ಹೊತ್ತು ಬಂದವನು. ಧಾರಾಳವಾಗಿ ಹಾಕು ಎಂದು ಬರೆದ ಈ ಕೈ ಮೇಲೆ ಕೋಪ ಮಾಡಿಕೋ. ಒಂದು ಸಾಲು ಬರೆ.

ಜಯರಾಮಯ್ಯ


ಶ್ರೀರಂಗಪಟ್ಟಣ
22 ಅಕ್ಟೋಬರ್ 2024

ಪ್ರಿಯ ಕೆಂಪಣ್ಣ,

ಉತ್ತರ ಬರಲಿಲ್ಲ. ಪರವಾಗಿಲ್ಲ. ಹೊಳೆ ತಿಳಿಯಾಗಿದೆ, ಕೆಳಗಿನ ಮೆಟ್ಟಿಲು ಮತ್ತೆ ಕಾಣುತ್ತಿದೆ. ಸೋಪಾನಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುತ್ತೇನೆ. ಪುರಿ ಹಾಕುವಾಗ ಈಗ ಕೈ ತಡೆಯುತ್ತದೆ.

ಜಯರಾಮಯ್ಯ


ಶ್ರೀರಂಗಪಟ್ಟಣ
25 ಅಕ್ಟೋಬರ್ 2024

ಪ್ರಿಯ ಕೆಂಪಣ್ಣ,

ಇವತ್ತು ಬರೆಯಲು ವಿಶೇಷವೇನೂ ಇಲ್ಲ. ಕಾಫಿಗೆ ಡಿಕಾಕ್ಷನ್ ಹಾಕುವುದು ಕಲಿತೆ. ಮೊದಲ ಸಲ ನೀರಾಯಿತು, ಎರಡನೇ ಸಲ ಕಷಾಯವಾಯಿತು. ಅಳತೆ ತಿಳಿದವರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕಿತ್ತು. ನಮ್ಮ ಬೀದಿಯಲ್ಲಿ ನಾಯಿ ಮರಿ ಹಾಕಿದೆ.

ಜಯರಾಮಯ್ಯ


ಶ್ರೀರಂಗಪಟ್ಟಣ
27 ಅಕ್ಟೋಬರ್ 2024

ಪ್ರಿಯ ಕೆಂಪಣ್ಣ,

ಮೊನ್ನೆ ತಾನೇ ಬರೆದೆ, ಮತ್ತೆ ಬರೆಯುತ್ತಿದ್ದೇನೆಂದು ನಗಬೇಡ. ದೀಪಾವಳಿಗೆ ಬರಲಾಗದು. ಮಂಡಿ ನೋವು. ನಾಯಿಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ.

ಜಯರಾಮಯ್ಯ


ಬಿಂಡಿಗನವಿಲೆ
4 ನವೆಂಬರ್ 2024

ಮೇಷ್ಟ್ರೇ,

ಇಷ್ಟು ದಿನ ಬರೆಯದಿದ್ದುದು ಕೋಪದಿಂದಲ್ಲ. ಪೆನ್ನು ಹಿಡಿದರೆ ನಿಂಗರಾಜುವಿನ ಮುಖ ಕಾಣುತ್ತಿತ್ತು.

ಅವತ್ತು ಬೆಳಿಗ್ಗೆ ಏರಿ ಹತ್ತಿದೆ. ಹೊಂಡದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಬೆಳ್ಳಗೆ. ಒಂದೂ ಬಾಯಿ ಆಡಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ತಿರುಗಿ ನೋಡಿದರೆ ಹಿಂದೆ ಅರ್ಧ ಊರು ನಿಂತಿತ್ತು. ನಾನು ಕೂಗುತ್ತಿದ್ದೆನಂತೆ, ಊರ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ನನಗೆ ಗೊತ್ತೇ ಇಲ್ಲ.

ಯಾರೂ ನಗಲಿಲ್ಲ ಮೇಷ್ಟ್ರೇ. ಹೊನ್ನಪ್ಪ ಅಂಗಡಿ ಹಾಗೇ ಬಿಟ್ಟು ಬಂದು ಪಂಚೆ ಎತ್ತಿಕಟ್ಟಿ ನೀರಿಗಿಳಿದ. ಚಿಕ್ಕಬೋರಮ್ಮ ಆಣೆ ಮುರಿದು ಬಂದು ಮಂಕರಿ ಹಿಡಿದಳು. ತೆಂಗಿನ ಬುಡಗಳಿಗೆ ಗುಂಡಿ ತೋಡಿ ಎಲ್ಲವನ್ನೂ ಹಾಕಿದೆವು. ನಿಂಗರಾಜು ಮೊಣಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ, ನಾನು ದಬ್ಬಿದ ಗಾಯ. ಮರುದಿನ ನಿಮ್ಮ ಕಾಗದ ಓದಿ ಅವನ ಮನೆಗೆ ಹೋದೆ. “ಅಕ್ಸರ ಬತ್ತದಲ್ಲೋ ನಿಂಗೆ, ಬರ್ದ್ ತೋರ್ಸಕೇನಾಗಿತ್ಲಾ?” ಎಂದು ಕೇಳಿದೆ. ಅವನು ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಲ್ಲಿ ಬರೆದ: “ನೀನ್ ನಿಂತ್ಕಳಕ್ ಬುಟ್ರೆ ತಾನೆ”. ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವೋ ಅತ್ತೆವೋ, ಅವನ ಹೆಂಡತಿ ಒಳಗಿಂದ ಓಡಿಬಂದಳು.

ಈಗ ಕೊರಳಿಗೆ ಒಂದು ಸ್ಲೇಟು ಕಟ್ಟಿಕೊಂಡಿದ್ದೇನೆ. ಹೊನ್ನಪ್ಪನ ಅಂಗಡಿಗೂ ಹೋಗುತ್ತೇನೆ. ಎಲ್ಲರೂ ಬಳಪ ಕಿತ್ತಾಡುತ್ತಾರೆ. ಬೈಗುಳದಲ್ಲೂ ಕಾಗುಣಿತ ತಪ್ಪು. ನಿಮ್ಮ ಶಿಷ್ಯರೇ.

ಎಲ್ಲವೂ ಸತ್ತಿರಲಿಲ್ಲ. ಬೋರಿನ ಪೈಪು ಒಂದು ಮೂಲೆಯಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸು ಎಂದು ಚಿಕ್ಕಬೋರಮ್ಮ ಬೈಯುತ್ತಲೇ ಇದ್ದಳು. ಆ ನೀರು ಬೀಳುವ ಜಾಗದಲ್ಲಿ ಒಂದಿಷ್ಟು ಉಳಿದಿದ್ದವು. ಅಮ್ಮಾವ್ರು ಬರೆದ ಹಾಗೆಯೇ. ಕೆಸರು ನೀರು ತೆಗೆಸಿ, ಹೊಸ ನೀರು ಬಿಟ್ಟು, ಕಲ್ಲಿನ ಮೇಲಿಂದ ಧುಮುಕುವಂತೆ ಪೈಪು ಎತ್ತರಿಸಿದ್ದೇನೆ. ಹಿಂಡಿ ಅಳತೆಗೆ ತಕ್ಕಷ್ಟೇ. ಮೋಡವಿದ್ದರೆ ಅದೂ ಇಲ್ಲ.

ಈಗ ಅವು ಮೇಲೆ ಬರುವುದಿಲ್ಲ. ಬೆಳಿಗ್ಗೆ ಹೋಗಿ ಕೂರುತ್ತೇನೆ, ನೀರು ಹಾಸಿದ ಹಾಗೆ ಸುಮ್ಮನಿರುತ್ತದೆ. ಎಲ್ಲೋ ಒಮ್ಮೆ ಒಂದು ಸುಳಿ. ಮೇಲೆ ಬಾರದಿದ್ದರೆ ಸುಖವಾಗಿವೆ ಎಂದು ಅರ್ಥ. ತಿಳಿಯುತ್ತದೆ. ಆದರೂ ಬರಿ ನೀರನ್ನು ನೋಡಿಕೊಂಡು ಕೂರುವುದು ಸುಲಭವಲ್ಲ.

ಒಂದು ಮಾತು. ನಿಮ್ಮ ನಾಲ್ಕು ಕಾಗದಕ್ಕೂ ಬಾಲವಿಲ್ಲ. ಅಮ್ಮಾವ್ರಿಗೆ ನನ್ನ ಮೇಲೆ ಬೇಸರವೇ? ಅವರ ಮೂಲೆ ಉಳಿಯಿತೆಂದು ಹೇಳಿ.

ಕೆಂಪಣ್ಣ


ಶ್ರೀರಂಗಪಟ್ಟಣ
8 ನವೆಂಬರ್ 2024

ಪ್ರಿಯ ಕೆಂಪಣ್ಣ,

ಕೆಲವಾದರೂ ಉಳಿದವೆಂದು ಓದಿ, ಕಾಗದ ಮಡಿಸಿ, ಮತ್ತೆ ಬಿಚ್ಚಿ ಓದಿದೆ. ಪದ್ಮನಿಗೆ ಬೇಸರವೇನಿಲ್ಲ. ಬರೆಯಲು ಕೈ ಬರುವುದಿಲ್ಲ, ಅಷ್ಟೆ. ನಾನು ಚೆನ್ನಾಗಿದ್ದೇನೆ.

ಜಯರಾಮಯ್ಯ


ಶ್ರೀರಂಗಪಟ್ಟಣ
9 ನವೆಂಬರ್ 2024

ಪ್ರಿಯ ಕೆಂಪಣ್ಣ,

ನಿನ್ನೆ ಬರೆಯಲು ಮರೆತೆ. ನಾಯಿಮರಿಗಳು ಕಣ್ಣು ಬಿಟ್ಟವು.

ಜಯರಾಮಯ್ಯ


ಶ್ರೀರಂಗಪಟ್ಟಣ
11 ನವೆಂಬರ್ 2024

ಪ್ರಿಯ ಕೆಂಪಣ್ಣ,

ನಿನ್ನ ಹೊಂಡದಲ್ಲಿ ನೀರು ಕಲ್ಲಿನ ಮೇಲೆ ಧುಮುಕುವ ಸದ್ದು ಹೇಗಿರುತ್ತದೆ? ನಿನಗೆ ಕೇಳಿಸದೆಂದು ಗೊತ್ತು. ಯಾರನ್ನಾದರೂ ಕೇಳಿ ಬರೆ.

ಜಯರಾಮಯ್ಯ


ಬಿಂಡಿಗನವಿಲೆ
14 ನವೆಂಬರ್ 2024

ಮೇಷ್ಟ್ರೇ,

ಬೇಸಿಗೆಯಲ್ಲಿ ನಿಮ್ಮ ಕಾಗದ ಎಂದೋ ಒಂದು ಬರುತ್ತಿತ್ತು. ನಾಲ್ಕು ಮಾತು, ಎರಡು ನಗೆ, ಒಂದು ಬಾಲ. ನಾನು ಬರೆದ ಮೇಲೆ ನೀವು ಬರೆಯುತ್ತಿದ್ದಿರಿ. ಈಗ ಅಂಚೆಯವನು ಸೈಕಲ್ಲು ನಿಲ್ಲಿಸಿದರೆ ನಿಮ್ಮದೇ. ನಿನ್ನೆ ಎರಡು ಒಟ್ಟಿಗೆ ಬಂದವು. ಒಂದರಲ್ಲಿ ನಾಯಿಮರಿ, ಒಂದರಲ್ಲಿ ನೀರಿನ ಸದ್ದು. ಚಿಕ್ಕಬೋರಮ್ಮ ಸ್ಲೇಟಿನಲ್ಲಿ, “ಮೇಷ್ಟ್ರಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ” ಎಂದು ಬರೆದಳು. ನಾನೂ ಮೊದಲು ಹಾಗೇ ಅಂದುಕೊಂಡೆ. ಖುಷಿಯೂ ಆಯಿತು.

ಇವತ್ತು ಬೆಳಿಗ್ಗೆ ಚಪ್ಪಡಿಯ ಮೇಲೆ ಕಾಗದಗಳನ್ನೆಲ್ಲ ಸಾಲಾಗಿ ಹರಡಿ ನೋಡಿದೆ. ಎದುರಿಗೆ ಹೊಂಡ ಸುಮ್ಮನಿತ್ತು. ಒಮ್ಮೆಗೇ ಎದ್ದುಬಿಟ್ಟೆ.

ನಿಂಗರಾಜುವನ್ನು ಕರೆಸಿ ನಿಮ್ಮ ಮನೆಗೆ ಫೋನು ಮಾಡಿಸಿದೆ. ನೀವು ಸಿಗಲಿಲ್ಲ, ನಿಮ್ಮನ್ನು ನೋಡಲು ಬಂದಿದ್ದ ಅಪರ್ಣಮ್ಮ ಎತ್ತಿದರು. ಅವನು ಕೇಳಿಸಿಕೊಂಡು ಸ್ಲೇಟಿನಲ್ಲಿ ಬರೆದ, ಅಳಿಸಿದ, ಮತ್ತೆ ಬರೆದ. ಅಮ್ಮಾವ್ರು ಅಕ್ಟೋಬರ್ ಮೂರನೇ ತಾರೀಕು ಹೋದರಂತೆ. ಮನೆಗೆ ಜನ ಬಂದಿದ್ದರು ಎಂದು ನೀವು ಬರೆದದ್ದು ಅದಕ್ಕೇ. ನಾನು ಒಂದು ಸಾಲಿನ ಕಾಗದ ನಿಮ್ಮ ಮುಖಕ್ಕೆ ಎಸೆದಿದ್ದೆ, ಅದರ ಮೇಲೆ ಈ ಸುದ್ದಿಯನ್ನೂ ಹೇರುವುದು ಬೇಡವೆಂದು ಬಚ್ಚಿಟ್ಟಿರಿ. ಮಗಳು ಕರೆದರೂ ನೀವು ಅವರ ಮನೆಗೆ ಹೋಗಲಿಲ್ಲವಂತೆ. ಬೆಳಿಗ್ಗೆ ಸೋಪಾನಕ್ಕೆ ಹೋದರೆ ಕತ್ತಲಾಗುವವರೆಗೆ ಅಲ್ಲೇ ಕೂತಿರುತ್ತೀರಂತೆ, ಪುರಿ ಪೊಟ್ಟಣ ಬಿಚ್ಚುವುದೂ ಇಲ್ಲವಂತೆ. ಯಾರು ಮಾತಾಡಿಸಿದರೂ “ಚೆನ್ನಾಗಿದ್ದೇನೆ” ಅನ್ನುತ್ತೀರಂತೆ.

ನೀವು ಇಷ್ಟು ದಿನ ಮೇಲೆ ಬಂದು ಬಂದು ಬಾಯಿ ತೆರೆಯುತ್ತಿದ್ದಿರಿ. ನಾನು ಗುರುತು ಹಿಡಿದು ಬಂದಿದ್ದೀರಿ ಅಂದುಕೊಂಡೆ. ನಿಮಗೆ ಉಸಿರು ಸಾಲುತ್ತಿರಲಿಲ್ಲ.

ನೀರು ಧುಮುಕುವ ಸದ್ದನ್ನು ನಿಂಗರಾಜುವಿನ ಹತ್ತಿರ ಕೇಳಿದೆ. ಬಳಪ ತೆಗೆದುಕೊಂಡು, “ಬಂದ್ ಕೇಳುದ್ರೆ ಗೊತ್ತಾಯ್ತದೆ ಅನ್ನು” ಎಂದು ಬರೆದ. ಕಿಟಕಿಯಿಂದ ಹಾರಿದ ಹುಡುಗನಿಗೆ ಇಷ್ಟು ಬುದ್ಧಿ ಬಂದಿದೆ.

ಮುಂಭಾಗದ ಕೋಣೆಯಿಂದ ಹಿಂಡಿ ಮೂಟೆ ತೆಗೆಸಿದ್ದೇನೆ. ಚಿಕ್ಕಬೋರಮ್ಮ ಸಾರಿಸಿ, ನಿಮ್ಮ ಮೊಳೆಯಿಂದ ಕುಡುಗೋಲು ಇಳಿಸಿದ್ದಾಳೆ. ನಿಮ್ಮ ಅಂಗಿ ನೇತುಹಾಕಲು. ಒಂದು ಒಲೆ ಬೇರೆ ಹೂಡಿದ್ದಾಳೆ, ಅದರ ಮೇಲೆ ನಮ್ಮ ಪಾತ್ರೆ ಏರುವುದಿಲ್ಲ. ಇರುವಷ್ಟು ದಿನ ಇರಿ. ಒಂದೇ ಸಲಕ್ಕೆ ಜನರ ನಡುವೆ ನಿಮ್ಮನ್ನು ಸುರಿಯುವುದಿಲ್ಲ. ಮೊದಲು ಚೀಲದಲ್ಲೇ ತೇಲಿಕೊಂಡಿರಿ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹೋದ ಸಲ ಕಾಗದ ಒಂದು ದಿನ ತಡವಾಗಿ ಬಂತು. ನಾಳೆ ಮೊದಲ ಬಸ್ಸಿಗೆ ನಾಗಮಂಗಲ, ಅಲ್ಲಿಂದ ಪಾಂಡವಪುರ, ಅಲ್ಲಿಂದ ನಿಮ್ಮ ಬೀದಿ. ಕಾಗದ ಜೇಬಿನಲ್ಲಿರುತ್ತದೆ. ನನಗೆ ಮಾತು ಬಾರದೆ ಹೋದರೆ ಇದನ್ನೇ ಕೈಗೆ ಕೊಡುತ್ತೇನೆ.

ಬಾಗಿಲು ತಟ್ಟಿದಾಗ ಒಳಗಿನಿಂದ ಯಾರು ಎಂದು ಕೇಳಬೇಡಿ. ನನಗೆ ಕೇಳಿಸುವುದಿಲ್ಲ. ತೆಗೆದುಬಿಡಿ.

ಕೆಂಪಣ್ಣ